ದ್ರಾಕ್ಷಿಯ ಎಣ್ಣೆ ಮತ್ತು ನನ್ನ ಮುಖ

ಕಾಗವಾಡ
೨೦ ಏಪ್ರಿಲ್ ೨೦೨೫

ಪ್ರೀತಿಯ ಸ್ನೇಹೂಗೆ,

ಜಯ ಜಿನೇಂದ್ರ. ನಿಪ್ಪಾಣಿಯಲ್ಲಿ ನೀನು, ವೃಷಭ ಅವರು, ಮಕ್ಕಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಅದರ ಕಾರಣ ನನ್ನ ಮುಖದ ಮೇಲೆಯೇ ಇದೆ, ಮುಂದೆ ಹೇಳುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಈಗೀಗ "ಹ್ಞೂಂ, ಆರಾಮ ಅದೀನಿ, ಒಲಿ ಮ್ಯಾಲ ಹಾಲ ಇಟ್ಟೀನಿ" ಎಂದು ಇಟ್ಟುಬಿಡುತ್ತೀ. ವಿಡಿಯೋ ಕಾಲ್ ಮಾಡಿದರೆ ಬರೀ ಮೇಲಿನ ಫ್ಯಾನು ತೋರಿಸುತ್ತೀ. ನಿಮ್ಮ ಮನೆಯ ಫ್ಯಾನಿನ ಪರಿಚಯ ನನಗೆ ಚೆನ್ನಾಗಿಯೇ ಆಗಿದೆ. ಧೂಳು ಹಿಡಿದಿದೆ, ಒರೆಸು. ಪತ್ರವನ್ನಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಪತ್ರದ ಮಾತು. ನಮ್ಮ ಸಾನಿಕಾಳ ಮದುವೆಯ ಅರಿಷಿಣದ ದಿನ ಬರುವುದಿಲ್ಲ ಎಂದಿದ್ದೀ. ಕೆನ್ನೆಯ ಬಿಳಿ ಮಚ್ಚೆ ಹಣೆಗೆ ಏರಿದೆ, ಕೈಗೂ ಬಂದಿದೆ, ಹೋದ ವರ್ಷ ಅಥಣಿಯ ವಾಸ್ತುಶಾಂತಿಯಲ್ಲಿ ಹೋಳಿಗೆ ನೀಡುವಾಗ ಒಬ್ಬರು ತಾಟು ಹಿಂದಕ್ಕೆ ಎಳೆದುಕೊಂಡರು, ಇನ್ನು ಮಂಗಲಕಾರ್ಯ ಸಾಕು ಎಂದು ಬರೆದಿದ್ದೀ. ಆ ಒಬ್ಬರು ಯಾರೆಂದು ಮಾತ್ರ ಬರೆಯಲಿಲ್ಲ. ಅವತ್ತು ಮನೆಯವರೆಲ್ಲ ಮುಂದೆ ಹೋಗಿ, ನನ್ನ ಬಸ್ಸು ತಡವಾಗಿ, ನಾನು ಬರುವಷ್ಟರಲ್ಲಿ ನೀನು ಊಟವನ್ನೂ ಮಾಡದೆ ಹೊರಟುಹೋಗಿದ್ದೆ. ಸ್ನೇಹೂ, ಸಾನಿಕಾ ಹುಟ್ಟಿದಾಗ ಅವಳನ್ನು ನನಗಿಂತ ಮೊದಲು ಎತ್ತಿಕೊಂಡವಳು ನೀನು. ಮೊದಲ ಅರಿಷಿಣ ಸ್ನೇಹಲ ಮಾವಶಿಯದೇ ಎಂದು ಅವಳು ಲಂಗ ಉಡುವ ಕಾಲಕ್ಕೇ ಹೇಳಿಟ್ಟಿದ್ದಾಳೆ. ನೀನು ಬರುವುದಿಲ್ಲ ಎಂದು ಅವಳಿಗೆ ನಾನಿನ್ನೂ ಹೇಳಿಲ್ಲ. ಹೇಳುವುದೂ ಇಲ್ಲ.

ಇನ್ನು ನನ್ನ ಮುಖದ ಕಥೆ ಕೇಳು. ನಗುವುದಾದರೆ ಜೋರಾಗಿಯೇ ನಗು, ಇಲ್ಲಿ ಎಲ್ಲರೂ ನಕ್ಕಾಗಿದೆ.

ಮನೆಯಲ್ಲಿ ಈಗ ಮದುವೆಯ ಸೀರೆಗಳಿಗಿಂತ ಸಾನಿಕಾಳ ಬಾಟಲಿಗಳೇ ಹೆಚ್ಚು. ಬೆಳಿಗ್ಗೆ ಹಚ್ಚುವುದು ಬೇರೆ, ಸಂಜೆ ಹಚ್ಚುವುದು ಬೇರೆ, ಹಚ್ಚಿದ್ದನ್ನು ತೆಗೆಯಲು ಹಚ್ಚುವುದು ಇನ್ನೂ ಬೇರೆ. ಅದರಲ್ಲಿ ಒಂದು ಕೊರಿಯಾ ದೇಶದ ಅಕ್ಕಿ ತೊಳೆದ ನೀರು. ನಮ್ಮ ಅತ್ತೆ ಕಾಶಿಬಾಯಿ ನಿನಗೆ ಗೊತ್ತೇ ಇದ್ದಾರಲ್ಲ, ಬಾಟಲಿಯನ್ನು ತಿರುಗಿಸಿ ನೋಡಿ, "ಅಕ್ಕಿ ತೊಳದ ನೀರ ನಾವು ಎಮ್ಮಿಗಿ ಕುಡಸ್ತೀವಿ. ಎಮ್ಮಿ ಹೆಂಗ ಮಿಂಚತೈತಿ ನೋಡ" ಎಂದರು. ಸಾನಿಕಾ, "ಆಯಿ, ನಿನಗ ತಿಳಿಯೂದಿಲ್ಲ ಬಿಡ" ಎಂದು ಕಸಿದುಕೊಂಡಳು. ನನಗೂ ಒಳಗೊಳಗೇ ಆಸೆ. ಮದುಮಗಳ ತಾಯಿ ಎಂದ ಮೇಲೆ ಫೋಟೋದಲ್ಲಿ ನಾನೂ ಬರಬೇಕಲ್ಲ. ಕಣ್ಣಿನ ಕೆಳಗಿನ ಸುಕ್ಕಾದರೂ ಹೋಗಲಿ ಎಂದು ಒಂದು ಮಧ್ಯಾಹ್ನ ಸ್ನಾನ ಮಾಡಿ ಬಂದು ಕನ್ನಡಿಯ ಮುಂದೆ ನಿಂತೆ. ಗೂಡಿನಲ್ಲಿ ಒಂದು ಚಿಕ್ಕ ಬಾಟಲಿ ಇತ್ತು, ಮೇಲೆ ಎಲೆಯ ಚಿತ್ರ, ಒಂದು ಹನಿಯ ಚಿತ್ರ. ಏನು ಬರೆದಿದೆ ಎಂದು ಓದಲು ಚಾಳೀಸು ಬೇಕು. ಚಾಳೀಸು ನೀನು ಕೊಟ್ಟ ಹಿಮಾಲಯದ ಪ್ರವಾಸದ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದೆ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವಳು ನಾನು, ಅದೊಂದನ್ನು ಓದಲಿಲ್ಲ. ಅಂಗೈಯಲ್ಲಿ ಸುರಿದುಕೊಂಡು ಹಣೆ, ಕೆನ್ನೆ, ಗದ್ದ ಎಲ್ಲ ಕಡೆ ತಿಕ್ಕಿದೆ.

ಅದು ದ್ರಾಕ್ಷಿಯ ಎಣ್ಣೆ. ನೀನು ನಮ್ಮ ಒಣದ್ರಾಕ್ಷಿಯ, ಅದೇ ಬೇದಾಣಾದ, ಶೆಡ್ ನೋಡಿದ್ದೀ. ಹಣ್ಣನ್ನು ಒಣಹಾಕುವ ಮೊದಲು ಎಣ್ಣೆ, ಪುಡಿ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುತ್ತೇವೆ, ಸಿಪ್ಪೆ ಸಡಿಲಾಗಿ ಒಳಗಿನ ನೀರು ಬೇಗ ಆರಲಿ ಎಂದು. ಸಾಂಗ್ಲಿಯ ವ್ಯಾಪಾರಿ ಒಬ್ಬ ಎಣ್ಣೆ, ಪುಡಿ ಎರಡನ್ನೂ ಗಟ್ಟಿಯಾಗಿ ಬೆರೆಸಿದ ಹೊಸ ಸರಕನ್ನು ನೋಡಲು ಕೊಟ್ಟಿದ್ದ. ನಮ್ಮವರು ಅದನ್ನು ಬೈಕಿನ ಕೀಲಿ, ಬಾಚಣಿಗೆಯ ಜೊತೆಗೆ ಕನ್ನಡಿಯ ಗೂಡಿನಲ್ಲಿ ಇಟ್ಟು ತೋಟಕ್ಕೆ ಹೋಗಿದ್ದರು. ದ್ರಾಕ್ಷಿಯನ್ನು ಸುಕ್ಕು ಮಾಡುವ ಎಣ್ಣೆಯನ್ನು ಸುಕ್ಕು ಹೋಗಲೆಂದು ಹಚ್ಚಿಕೊಂಡವಳು ಕಾಗವಾಡ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮುಖ ಉರಿಯತೊಡಗಿತು. ಕೆಲಸ ಮಾಡುತ್ತಿದೆ ಎಂದುಕೊಂಡು ಸ್ವಲ್ಪ ಹೊತ್ತು ಸಹಿಸಿಕೊಂಡೂ ಕುಳಿತೆ ನೋಡು, ಅದಕ್ಕೇನು ಹೇಳುತ್ತೀ!

ನಮ್ಮವರು ಬಂದವರೇ ಬಾಟಲಿಯನ್ನು ಎತ್ತಿ ನೋಡಿ, "ಅಯ್ಯಯ್ಯ, ಇದು ಡ್ರಮ್ಮಿನ ನೀರಿಗಿ ಹಾಕೂದು! ಎಷ್ಟ ಹಚ್ಚಿದಿ?" ಎಂದರು. ಆಮೇಲೆ ನನ್ನನ್ನು ಬಾವಿಯ ಪಂಪಿನ ಕೆಳಗೆ ನಿಲ್ಲಿಸಿ ನೀರು ಬಿಟ್ಟರು. ಪಾಪ, ಹೆದರಿದ್ದರು. ಆದರೆ ಹೆದರಿಕೆಯ ನಡುವೆಯೂ, "ನಾಕ ದಿನ ಶೆಡ್ಡಿನ್ಯಾಗ ಕುಂಡರಿಸಿದ್ರ ಒಂದನೇ ನಂಬರ ಬೇದಾಣಾ ಆಗಾಕಿ" ಎನ್ನದೆ ಬಿಡಲಿಲ್ಲ.

ಮರುದಿನ ಮುಖ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಸಿಪ್ಪೆ ಎದ್ದು ಒಳಗಿನ ಬಿಳಿ ಚರ್ಮ. ಮಿರಜಿನ ಚರ್ಮದ ಡಾಕ್ಟರ ಹತ್ತಿರ ಹೊರಟೆ. ಸೆರಗು ಸುತ್ತಿಕೊಂಡರೆ ಉರಿ, ಬಿಟ್ಟರೆ ಬಿಸಿಲು. ಕೊನೆಗೆ ಬಿಟ್ಟೇ ಬಸ್ಸು ಹತ್ತಿದೆ. ಮಿರಜಿನ ಬಸ್ಸಿನಲ್ಲಿ ಕೂರಲು ಎಂದಾದರೂ ಜಾಗ ಸಿಕ್ಕಿದೆಯೇ? ಅವತ್ತು ಪೂರ್ತಿ ಸೀಟು ನನ್ನದು. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ನನ್ನ ಮುಖ ನೋಡಿದಳು, ತನ್ನ ಚೀಲ ನೋಡಿದಳು, ಎದ್ದು ಹೋಗಿ ಕಂಬಿ ಹಿಡಿದು ನಿಂತಳು. ನಾನು ಕಾಲು ಚಾಚಿ ನಿನ್ನ ಪುಸ್ತಕ ತೆಗೆದೆ. ಲೇಖಕರು ಹಿಮದಲ್ಲಿ ನಡುಗುತ್ತ ಪ್ರತಿ ಪುಟಕ್ಕೊಮ್ಮೆ ಚಹಾ ಕುಡಿಯುತ್ತಿದ್ದರು, ನಾನು ಬೆವರುತ್ತ ಓದುತ್ತಿದ್ದೆ. ಆದರೆ ಎರಡು ಪುಟ ಓದಿದ ಮೇಲೆ ಅಕ್ಷರ ಕಾಣಲಿಲ್ಲ ಸ್ನೇಹೂ. ನೀನು ನೆನಪಾದೆ. ನನ್ನದು ಹದಿನೈದು ದಿನದ ಮುಖ, ಹೋಗಿಬಿಡುತ್ತದೆ. ನೀನು ಇದನ್ನು ದಿನವೂ ಹೊತ್ತುಕೊಂಡು ಬಜಾರಕ್ಕೆ ಹೋಗಿ, ಕಾಯಿಪಲ್ಲೆ ತಂದು, ಅಡುಗೆ ಮಾಡಿ, ನನಗೆ ಪತ್ರವನ್ನೂ ಬರೆಯುತ್ತೀ.

ಡಾಕ್ಟರು ಮರಾಠಿಯಲ್ಲಿ, "ಕಾಯ ಲಾವಲಂತ, ತಾಯಿ?" ಅಂದರೆ ಏನು ಹಚ್ಚಿದಿರಿ ಎಂದು ಕೇಳಿದರು. ಹೇಳಿದೆ. ಅವರು ತಲೆ ತಗ್ಗಿಸಿ ಚೀಟಿ ಬರೆಯುತ್ತ ಭುಜ ಕುಣಿಸಿ ನಕ್ಕರು. ಒಂದು ಮುಲಾಮು ಕೊಟ್ಟು, ಅದನ್ನು ಬಿಟ್ಟು ಬೇರೇನೂ ಹಚ್ಚಬೇಡಿ, ಒಲೆಯ ಮುಂದೆ ಕೂರಬೇಡಿ ಎಂದರು. ಹೊರಡುವಾಗ ನಿನ್ನ ಮಚ್ಚೆಯ ಬಗ್ಗೆಯೂ ಕೇಳಿದೆ. ಅದು ಮುಟ್ಟಿದರೆ ಬರುವುದಲ್ಲ ತಾಯಿ, ಯಾರಿಗೂ ಅಂಟುವುದಿಲ್ಲ ಎಂದರು. ನಮಗಿಬ್ಬರಿಗೂ ಗೊತ್ತಿದ್ದದ್ದೇ, ಆದರೂ ಡಾಕ್ಟರ ಬಾಯಿಂದ ಕೇಳಿ ಬಂದೆ.

ಒಲೆಯ ಮುಂದೆ ಕೂರುವಂತಿಲ್ಲ ಎಂದಮೇಲೆ ರೊಟ್ಟಿ ನಮ್ಮವರೇ ಬಡಿದರು. ಒಂದು ಮಹಾರಾಷ್ಟ್ರದ ನಕಾಶೆಯಂತೆ ಬಂತು, ಇನ್ನೊಂದು ಕರ್ನಾಟಕದಂತೆ. ಗಡಿಯ ತಂಟೆ ನಮ್ಮ ತಾಟಿನಲ್ಲೇ ಶುರುವಾಯಿತು. ಅತ್ತೆ ಎರಡನ್ನೂ ಹಾಲಿನಲ್ಲಿ ನೆನೆಸಿ ಉಂಡರು.

ಮುಲಾಮು ಹಚ್ಚುವ ಕೆಲಸವೂ ಅತ್ತೆಯದೇ. "ನೀ ಹಚ್ಚಕೊಂಡs ಹಿಂಗಾಗೈತಿ. ಇಲ್ಲಿ ತಾ" ಎಂದು ಟ್ಯೂಬು ಕಸಿದುಕೊಂಡರು. ದಿನವೂ ಸಂಜೆ, ಊಟಕ್ಕೆ ಮುಂಚೆ, ಅಂಗಳದಲ್ಲಿ ಬೆಳಕಿಗೆ ಕೂರಿಸಿ ಒಂದೊಂದೇ ಮಚ್ಚೆ ಹುಡುಕಿ ಹಚ್ಚುತ್ತಾರೆ. ಒಂದು ಸಂಜೆ ಹೀಗೆ ಹಚ್ಚುವಾಗ ಬಸ್ಸಿನ ಸಂಗತಿ ನಗುತ್ತ ಹೇಳಿದೆ. ಅವರು ನಗಲಿಲ್ಲ. ಎದ್ದು ಹೋದ ಆ ಹೆಣ್ಣುಮಗಳನ್ನು ಕನ್ನಡದಲ್ಲಿ ಬೈದರು, ಸಾಲದೆಂದು ಮರಾಠಿಯಲ್ಲಿ ಬೈದರು. ಬೈಯುತ್ತ ಬೈಯುತ್ತ ನಡುವೆಯೇ ಬಿಟ್ಟು ಟ್ಯೂಬಿನ ಮುಚ್ಚಳ ಹಾಕಿದರು. ಸಾನಿಕಾ ತಾಟು ಹಾಕಿ ಕರೆದರೂ ಏಳಲಿಲ್ಲ. ಹೊತ್ತು ಮುಳುಗಿತು. ಮುಳುಗಿದ ಮೇಲೆ ಅವರು ಹನಿ ನೀರೂ ಮುಟ್ಟುವವರಲ್ಲ, ನಿನಗೆ ಗೊತ್ತು. ಉಪವಾಸವೇ ಮಲಗಿದರು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡೆ.

ಈಗ ಮುಖ ಪರವಾಗಿಲ್ಲ. ಹೊಸ ಚರ್ಮ ಬರುತ್ತಿದೆ, ಆದರೆ ಮದುವೆಯ ಹೊತ್ತಿಗೆ ಒಂದೇ ಬಣ್ಣಕ್ಕೆ ಬರುವ ಆಸೆಯಿಲ್ಲ. ಫೋಟೋದವನು ಕಂಪ್ಯೂಟರಿನಲ್ಲಿ ಸರಿಮಾಡುತ್ತೇನೆ ಎಂದ. ಬೇಡಪ್ಪ, ಇದ್ದ ಹಾಗೇ ತೆಗಿ ಎಂದಿದ್ದೇನೆ. ನೆನಪಿದೆಯಾ, ಚಿಕ್ಕೋಡಿ ಶಾಲೆಯಲ್ಲಿ ಮಾಸಪತ್ರಿಕೆ ಓದಿ ಕಡಲೆಹಿಟ್ಟು, ಅರಿಷಿಣ ಹಚ್ಚಿಕೊಂಡು, ತೊಳೆದರೂ ಹೋಗದೆ, ಇಬ್ಬರೂ ಹಳದಿ ಮುಖ ಹೊತ್ತು ಒಂದೇ ಬೆಂಚಿನಲ್ಲಿ ಕುಳಿತದ್ದು? ನೀನು ಪಕ್ಕದಲ್ಲಿದ್ದೆ ಎಂದು ನನಗೆ ಸ್ವಲ್ಪವೂ ನಾಚಿಕೆಯಾಗಿರಲಿಲ್ಲ. ಈಗಲೂ ಪಕ್ಕದಲ್ಲಿ ಬಂದು ನಿಲ್ಲು. ನೀನಿಲ್ಲದೆ ನನಗೆ ಈ ಮದುವೆ ಅರ್ಧ ಅನಿಸುತ್ತದೆ.

ಪುಸ್ತಕ ಮುಗಿದಿದೆ. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದು ತೆಗೆದುಕೊಂಡು ಹೋಗು. ಮಕ್ಕಳಿಗೆ ನನ್ನ ಆಶೀರ್ವಾದ, ಅವರ ಓದು ಚೆನ್ನಾಗಿ ನಡೆಯಲಿ. ನಿನ್ನ ಮನಸ್ಸು ತಂಪಾಗಿರಲಿ. ವೃಷಭ ಅವರಿಗೆ ಆ ಫ್ಯಾನು ಒರೆಸಲು ಹೇಳು.

ನಿನ್ನ
ತ್ರಿಶಲಾ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಈಗಷ್ಟೇ ಅತ್ತೆ ಮುಲಾಮು ಹಚ್ಚುತ್ತ, "ಸ್ನೇಹಲಗ ಬರದೇನು? ಬರತಾಳಂತೇನು?" ಎಂದು ಕೇಳಿದರು. ಬರುವುದಿಲ್ಲ ಅಂದಿದ್ದಾಳೆ ಎಂದೆ. ಅವರ ಬೆರಳು ನನ್ನ ಕೆನ್ನೆಯ ಮೇಲೆಯೇ ನಿಂತಿತು.

"ಅವತ್ತ ಅಥಣ್ಯಾಗ ತಾಟ ಎಳಕೊಂಡಾಕಿ ನಾನs" ಎಂದರು. "ಬಸ್ಸಿನ್ಯಾಗಿನ ಆಕಿಗಿ ಬಾಯಿಗೆ ಬಂದಂಗ ಬೈದೆ. ಬೈಯೂಮುಂದ ನನ್ನ ತಾಟ ಕಣ್ಣಮುಂದ ಬಂತು. ಸ್ನೇಹಲ ನಿಂತಿದ್ಲು, ಕೈಯಾಗ ಹೋಳಿಗಿ ಹಂಗs ಇತ್ತು. ಆ ಸಂಜಿ ಉಣ್ಣಾಕ ಮನಸ್ಸ ಹೆಂಗ ಬರಬೇಕು?"

ಸ್ನೇಹೂ, ನೀನು "ಒಬ್ಬರು" ಎಂದಷ್ಟೇ ಬರೆದೆ. ನನ್ನ ಮನೆಯಲ್ಲಿ ನನಗೆ ಬೇಸರವಾಗಬಾರದೆಂದು ಹೆಸರು ನುಂಗಿಕೊಂಡು, ವರ್ಷವಿಡೀ ನನಗೆ ಫ್ಯಾನು ತೋರಿಸುತ್ತ ಕುಳಿತೆ. ನನಗೆ ಅಳು ಬಂತು. ಹಚ್ಚಿದ ಮುಲಾಮೆಲ್ಲ ಹೋಯಿತು, ಅತ್ತೆ ಮತ್ತೆ ಮೊದಲಿನಿಂದ ಹಚ್ಚಿದರು.

ಹಚ್ಚುತ್ತಲೇ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ಅರಿಷಿಣದ ದಿನ ತಾಟ ಹಿಡಕೊಂಡ ಕುಂಡ್ರತೀನಿ. ಆಕಿ ಕೈಯಿಂದ ಬೀಳೂತನಕ ನಾ ಉಣ್ಣಾಂಗಿಲ್ಲ. ಹಂಗಂತ ಬರಿ."

ಅವರ ಹಟ ನಿನಗೆ ಗೊತ್ತು. ಹೊತ್ತು ಮುಳುಗುವುದರೊಳಗೆ ಬಾ.