ಹೆಸರು ಬೇಡ, ಸಿಸ್ಟರ್

ಅತ್ತಿಗೆಗೆ ನಮಸ್ಕಾರ. ಬಸ್ಸಿನಲ್ಲಿ ಕೂತು ಬಂದಿದ್ದ ಕಾಲಿನ ಊತ ಇಳಿದಿದೆ, ಅಣ್ಣನಿಗೆ ಹೇಳಿ.

ನಮ್ಮ ಕುಟುಂಬ ಯೋಜನೆ ಕ್ಲಿನಿಕ್ಕಿಗೆ ಬರುವ ಹೆಂಗಸರ ಹೆಸರು, ವಿಳಾಸವನ್ನೆಲ್ಲ ಸರ್ಕಾರಕ್ಕೆ ಕೊಡಬೇಕೆಂಬ ಹೊಸ ಕಾನೂನಿನ ಕರಡಿನ ಬಗ್ಗೆ ಇವತ್ತು ಇಲ್ಲಿ ಶಾಸಕರ ಸಮಿತಿಯ ಸಭೆ ಇತ್ತು. ಹಾಗೆ ಮಾಡಿದರೆ ಯಾರೂ ನಮ್ಮ ಮೆಟ್ಟಿಲು ಹತ್ತುವುದಿಲ್ಲ ಎಂದು ನನ್ನನ್ನೂ ಜೊತೆಗೆ ಕರೆತಂದಿದ್ದ ನಮ್ಮ ಹೆಡ್ ನರ್ಸ್, ದೊಡ್ಡ ಸಿಸ್ಟರ್, ಮೈಕಿನ ಮುಂದೆ ಒಂದಿಷ್ಟೂ ಅಳುಕದೆ ಹೇಳಿದರು. ಒಬ್ಬ ಸದಸ್ಯರು ಮಾತ್ರ, "ಹೆಸರು ಕೊಡೋಕೆ ಏನು ಕಷ್ಟ?" ಎಂದು ಪಟ್ಟು ಹಿಡಿದರು.

ಟೀ ಹೊತ್ತಿಗೆ ಅದೇ ಸದಸ್ಯರು ಸಿಸ್ಟರ್ ಹತ್ತಿರ ಬಂದು, "ನಮ್ಮನೇಲಿ ಒಬ್ಬರ ವಿಷಯ ಕೇಳ್ಬೇಕಿತ್ತು" ಎಂದರು. ಸಿಸ್ಟರ್ ಕ್ಲಿನಿಕ್ಕಿನ ಅಭ್ಯಾಸದಂತೆ ನೋಟ್‌ಬುಕ್ ತೆರೆದು, "ಹೆಸರು ಹೇಳಿ" ಎಂದರು.

"ಹೆಸರು ಬೇಡ, ಸಿಸ್ಟರ್."

ಸಿಸ್ಟರ್ ಪುಸ್ತಕ ಮುಚ್ಚಿ, ನನ್ನನ್ನು ಕಣ್ಣಲ್ಲೇ ದೂರ ಕಳಿಸಿ, ಟೀ ತಣ್ಣಗಾಗುವವರೆಗೂ ಅವರಿಗೆ ವಿವರಿಸಿದರು. ಮತ್ತೆ ಸಭೆ ಸೇರಿದಾಗ ಸಿಸ್ಟರ್ ಆ "ಹೆಸರು ಬೇಡ" ಎಂಬ ಮಾತೊಂದನ್ನು ಎತ್ತಿದ್ದರೆ ಗೆದ್ದುಬಿಡುತ್ತಿದ್ದರು. ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಆ ಸದಸ್ಯರೇ, "ಹೆಸರಿನ ವಿಷಯ ಕೈಬಿಡೋಣ" ಎಂದರು.

ಅವರು ಯಾರು ಅಂತ ಕೇಳಬೇಡಿ. ಕಾರ್ಡನ್ನು ಪೋಸ್ಟ್‌ಮ್ಯಾನ್ ಓದುತ್ತಾರೆ. ಊರಿಗೆ ಬಂದ ಮೇಲೂ ಕೇಳಬೇಡಿ. ನಾನು ಕೆಲಸ ಕಲಿತದ್ದು ಈ ಸಿಸ್ಟರ್ ಹತ್ತಿರ.

ಅವಸರದಲ್ಲಿ,
ನಿಮ್ಮ ನಾದಿನಿ