ಸಂಜೆಯ ಕಾಲು

ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಫೋನ್ ಮಾಡಿದರೆ ‘ಡ್ಯೂಟಿಯಲ್ಲಿದ್ದೀನಿ’ ಎಂದು ಇಟ್ಟುಬಿಡುತ್ತೀಯ. ರಜೆಯ ದಿನ ಮಾಡಿದರೂ ಡ್ಯೂಟಿಯಲ್ಲೇ ಇರುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಓದದೆ ಹರಿಯುವವಳಲ್ಲ, ಔಷಧಿ ಬಾಟಲಿಯ ಚೀಟಿಯನ್ನೂ ಪೂರ್ತಿ ಓದುವ ಹೆಂಗಸು ನೀನು.

ಮೊದಲೇ ಹೇಳಿಬಿಡುತ್ತೇನೆ. ನಾನು ಈ ಶೂ ಕಾರ್ಖಾನೆಯ ಇಂಟರ್ನ್‌ಶಿಪ್ ಬಿಟ್ಟು ಬರುವುದಿಲ್ಲ. ಮಾವ ತಮ್ಮ ಗೆಳೆಯರ ಆಫೀಸಿನಲ್ಲಿ ಹೆಸರಿಗೆ ಮಾತ್ರ ನನ್ನನ್ನು ಸೇರಿಸಿ, ನಾನು ಒಂದು ದಿನವೂ ಹೋಗದೆ ಪ್ರಮಾಣಪತ್ರ ಕೊಡಿಸುತ್ತಾರಂತೆ. ಮಾವನ ಪ್ರೀತಿ ದೊಡ್ಡದು, ಇಲ್ಲ ಎನ್ನುವುದಿಲ್ಲ. ಆದರೆ ಈಜು ಬಾರದವಳಿಗೆ ‘ಇವಳು ಚೆನ್ನಾಗಿ ಈಜುತ್ತಾಳೆ’ ಎಂದು ಸಹಿ ಹಾಕಿ ಕೊಟ್ಟರೆ, ನೀರು ಅದನ್ನು ಓದುತ್ತದೆಯೇ ಅಮ್ಮ? ಇನ್ನೊಂದು ವಿಷಯ, ಶನಿವಾರ ಸಂಜೆ ನನಗೆ ನಿನ್ನಿಂದ ಒಂದು ಕೆಲಸ ಆಗಬೇಕು. ಏನೆಂದು ಈಗಲೇ ಹೇಳಿದರೆ ಮೂಗು ಮುರಿಯುತ್ತೀಯ. ಮೊದಲು ಇಲ್ಲಿ ನಡೆದದ್ದನ್ನು ಕೇಳು.

ನಾನಿರುವುದು ಸ್ಯಾಂಪಲ್ ರೂಮಿನಲ್ಲಿ. ಹೊಸ ಶೂ ಮೊದಲು ಹುಟ್ಟುವುದು ಇಲ್ಲಿಯೇ. ಕಪಾಟಿನ ತುಂಬ ಅಚ್ಚುಗಳಿವೆ. ಅಚ್ಚು ಎಂದರೆ ಪಾದದ ಆಕಾರದ ಪ್ಲಾಸ್ಟಿಕ್ ಗಟ್ಟಿ, ಅದರ ಮೇಲೆ ಚರ್ಮ ಎಳೆದು ಶೂ ಕಟ್ಟುತ್ತಾರೆ. ಹಾಗೆ ಕಟ್ಟಿದ ಮೊದಲ ಜೊತೆಯನ್ನು ಒಬ್ಬರ ಕಾಲಿಗೆ ಹಾಕಿ, ಅವರು ನಡೆದು ‘ಸರಿಯಿದೆ’ ಎಂದ ಮೇಲೆಯೇ ಸಾವಿರಾರು ಜೊತೆಗಳಿಗೆ ಚರ್ಮ ಕತ್ತರಿಸುವುದು. ಈ ಕಾರ್ಖಾನೆಯಲ್ಲಿ ಆ ಕಾಲು ಯಾರದೆಂದರೆ ಅಳತೆಯಕ್ಕನದು. ಅವರ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ನೆನಪಿರಬೇಕು. ಸ್ಯಾಂಪಲ್ಲಿನ ಅಳತೆಗೂ ಅವರ ಪಾದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಉಳಿದ ಹೊತ್ತು ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು, ಹೊಲಿದ ಶೂಗಳ ಹೆಚ್ಚಿನ ದಾರ ಕತ್ತರಿಸುತ್ತಾ ಇಡೀ ರೂಮಿನ ಸಂಸಾರ ವಿಚಾರಿಸಿಕೊಳ್ಳುತ್ತಾರೆ.

ನಾನು ಸೇರಿದ ವಾರದಲ್ಲೇ ಅವರ ಮಗಳಿಗೆ ಹೆರಿಗೆಯಾಯಿತು. ಅಳತೆಯಕ್ಕ ರಜೆ ಹಾಕಿ ಹೋದರು. ಮ್ಯಾನೇಜರ್ ರೂಮಿನ ಎಲ್ಲರ ಚಪ್ಪಲಿಯ ಕಡೆ ಒಂದು ಸಲ ನೋಡಿ, ನನ್ನ ಮೇಲೆ ಕಣ್ಣು ನೆಟ್ಟರು. ನನ್ನ ಪಾದ ಅದೇ ಅಳತೆಯದು. ನಾನು ಮೂರು ವರ್ಷ ಓದಿದ ವಿನ್ಯಾಸ, ಕಂಪ್ಯೂಟರಿನಲ್ಲಿ ಬಿಡಿಸಿದ ಮಾದರಿಗಳು ಒಂದನ್ನೂ ಕೇಳಲಿಲ್ಲ. ‘ನಾಳೆಯಿಂದ ಟ್ರಯಲ್‌ಗೆ ನೀನೇ ಬಾಮ್ಮ’ ಎಂದರು. ಅದನ್ನು ನಿನಗೆ ಹೇಳಿದ್ದೇ ನನ್ನ ಗ್ರಹಚಾರ. ‘ಹೊಟ್ಟೆಬಟ್ಟೆ ಕಟ್ಟಿ ಓದಿಸಿದ್ದು ಕಂಡೋರ ಮುಂದೆ ಕಾಲು ಚಾಚೋಕಾ? ನಾಳೆನೇ ಗಂಟುಮೂಟೆ ಕಟ್ಟು’ ಎಂದು ಕೂಗಿದೆ. ಸತ್ಯ ಹೇಳಲಾ? ನನಗೂ ಅವಮಾನವಾಗಿತ್ತು. ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವರಿಗೆ ನಾನು ಬೇಡ, ನನ್ನ ಹಿಮ್ಮಡಿ ಸಾಕು ಅನ್ನಿಸಿತು.

ಅತ್ತು ಮುಗಿದ ಮೇಲೆ ಹಠ ಬಂತು. ಹಠ ಯಾರ ಕಡೆಯಿಂದ ಬಂದದ್ದು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಲೇ ಬೇಕಾದರೆ ಕಾಲೇ ಸರಿ, ಆದರೆ ಬಾಯಿರುವ ಕಾಲು ಕೊಡುತ್ತೇನೆ ಎಂದುಕೊಂಡೆ. ‘ಸರಿಯಿದೆ’, ‘ಸರಿಯಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಕಿರುಬೆರಳಿನ ಬುಡದಲ್ಲಿ ಹೊಲಿಗೆ ತಾಗುತ್ತಿದೆ, ಮೆಟ್ಟಿಲು ಇಳಿಯುವಾಗ ಹಿಮ್ಮಡಿ ಜಾರುತ್ತಿದೆ, ಹೀಗೆ ಎಲ್ಲಿ, ಯಾವಾಗ, ಎಷ್ಟು ಎಂದು ಹೇಳತೊಡಗಿದೆ. ಮಾದರಿ ಕತ್ತರಿಸುವವರು ಮೊದಮೊದಲು ‘ಬಂದಳಪ್ಪ ಮಹಾರಾಣಿ’ ಎಂದು ನಗುತ್ತಿದ್ದರು. ಆಮೇಲೆ ಪೆನ್ಸಿಲ್ ಹಿಡಿದು ನನ್ನ ಪಾದದ ಪಕ್ಕ ಕುಕ್ಕರಗಾಲಲ್ಲಿ ಕೂರತೊಡಗಿದರು. ಹೊಲಿಗೆಯನ್ನು ಅಕ್ಕಿಕಾಳಿನಷ್ಟು ಹಿಂದಕ್ಕೆ ಸರಿಸಿದರೆ ನೋವು ಹೇಗೆ ಮಾಯವಾಗುತ್ತದೆ ಎಂಬುದನ್ನು ನಾನು ಬೆರಳಿನಿಂದಲೇ ಕಲಿತೆ. ತರಗತಿಯ ಬೆಂಚಿಗೆ ಆ ಬೆರಳು ಎಲ್ಲಿಂದ ಬರಬೇಕು?

ಈಗ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಗೆ ಒಂದು ದೊಡ್ಡ ಆರ್ಡರ್ ಬಂದಿದೆ. ಬಿಳಿಯ ಶೂ, ನರ್ಸ್‌ಗಳಿಗೆ. ಅದರ ಟ್ರಯಲ್ಲೂ ನನ್ನ ಕಾಲಿನಲ್ಲೇ ಆಯಿತು. ಬೆಳಗ್ಗೆ ಹಾಕಿ ನಡೆದಾಗ ಎಲ್ಲೂ ಕೊರೆಯಲಿಲ್ಲ, ‘ಸರಿಯಿದೆ’ ಎಂದೆ. ಆ ದಿನವೆಲ್ಲ ಅಂಟು ಹಚ್ಚುವ ಸಾಲಿನಲ್ಲಿ ನಿಂತು ಕೆಲಸ ಕಲಿತೆ. ಸಂಜೆ ಹೊರಡುವ ಹೊತ್ತಿಗೆ ಫೋಟೊ ತೆಗೆಯಬೇಕು, ಇನ್ನೊಮ್ಮೆ ಹಾಕು ಎಂದರು. ಅಮ್ಮ, ಬೆಳಗ್ಗೆ ನೀರಿನಂತೆ ಒಳಗೆ ಹೋದ ಕಾಲು ಸಂಜೆ ಹೋಗಲೇ ಇಲ್ಲ. ಒತ್ತಿ ತುರುಕಿದ್ದಕ್ಕೆ ಹೆಬ್ಬೆರಳ ಗಂಟಿನ ಮೇಲೆ ಬೆಂಕಿ ಇಟ್ಟ ಹಾಗಾಯಿತು. ದಿನವಿಡೀ ನಿಂತ ಕಾಲು ಊದಿಕೊಳ್ಳುತ್ತದೆ ಎಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದೆ. ಓದಿದ ಆ ಸಾಲು ನನಗೆ ಕಚ್ಚಿದ್ದು ಮಾತ್ರ ಆವತ್ತು.

ಆಗ ನೀನು ನೆನಪಾದೆ. ವಾರ್ಡಿನಿಂದ ಬಂದವಳು ಬಾಗಿಲಲ್ಲೇ ಕೂತು, ಒಂದು ಶೂವಿನ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿ ಕಳಚುವುದು. ನಾನು ಬಕೆಟ್‌ನಲ್ಲಿ ಬಿಸಿನೀರು ತರುವವರೆಗೆ ಗೋಡೆಗೆ ಒರಗುವುದು. ಯಾರಾದರೂ ಮನೆಗೆ ಬಂದರೆ ಪಾದಗಳನ್ನು ಮೆಲ್ಲಗೆ ಮಂಚದ ಕೆಳಗೆ ಸರಿಸುವುದು. ನಿನ್ನ ಹೆಬ್ಬೆರಳ ಬಳಿ ಉಬ್ಬಿರುವ ಆ ಗಂಟು ವಯಸ್ಸಿನಿಂದ ಬಂದದ್ದೆಂದು ನೀನು ಹೇಳುತ್ತಿದ್ದೆ, ನಾನೂ ನಂಬಿದ್ದೆ. ಅದಕ್ಕೆ ವಯಸ್ಸು ಕಾರಣವಲ್ಲ ಅಮ್ಮ. ಯಾರೋ ಬೆಳಗಿನ ಕಾಲಿಗೆ ಅಳತೆ ಮಾಡಿ ಕೊಟ್ಟ ಶೂಗಳನ್ನು ನೀನು ವರ್ಷಗಟ್ಟಲೆ ಸಂಜೆಯ ಕಾಲಿಗೆ ಹಾಕಿಕೊಂಡೆ.

ಇಲ್ಲಿ ಯಾರೂ ಕೇಡಿಗರಲ್ಲ. ಮ್ಯಾನೇಜರ್‌ಗೆ ಬಿಡುವಿರುವುದು ಬೆಳಗ್ಗೆ, ಆರ್ಡರ್ ಕೊಡುವವರು ಬರುವುದೂ ಬೆಳಗ್ಗೆ, ಅದಕ್ಕೆ ಟ್ರಯಲ್ ಬೆಳಗ್ಗೆ. ಅಳತೆಯಕ್ಕ ಕೂತು ಕೆಲಸ ಮಾಡುವವರು, ಅವರ ಕಾಲು ಸಂಜೆಗೂ ಊದುವುದಿಲ್ಲ. ಹಾಗಾಗಿ ಈ ತಪ್ಪು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಹೋಗಿ ಹೇಳಿದೆ: ಅಚ್ಚನ್ನು ಮುಂಭಾಗದಲ್ಲಿ ಸ್ವಲ್ಪ ಅಗಲಿಸಬೇಕು, ಟ್ರಯಲ್ ಸಂಜೆ ಮಾಡಬೇಕು. ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಒಬ್ಬ ಹುಡುಗಿ ಕಾಲು ಊದ್ತು ಅಂತ ಅಚ್ಚು ಬದಲಾಯಿಸ್ಬೇಕಾ? ನೀನು ಬಂದಿರೋದು ಕಲಿಯೋಕಮ್ಮ, ಕಲಿಸೋಕಲ್ಲ’ ಎಂದರು. ಆಮೇಲೆ ಕಾಲೇಜಿಗೂ ಫೋನ್ ಮಾಡಿದರು. ನಮ್ಮ ವಿಭಾಗದ ಮೇಡಂ ನನ್ನನ್ನು ಕರೆದು, ‘ಬಾಯಿ ಮುಚ್ಕೊಂಡು ಮುಗಿಸ್ಕೊಂಡು ಬಾ. ಮುಂದಿನ ವರ್ಷ ನಮ್ಮ ಮಕ್ಕಳನ್ನ ಅವರು ತಗೊಳ್ಳೋದೇ ಇಲ್ಲ ಅಂದ್ರೆ ಏನ್ ಮಾಡೋಣ?’ ಎಂದರು. ನನ್ನ ಹಿಂದೆ ಬರುವವರ ಬಾಗಿಲು ನಾನು ಮುಚ್ಚಿಬಿಡುತ್ತೇನೇನೋ ಎಂಬ ಹೆದರಿಕೆ ಈಗಲೂ ಇದೆ. ಆದರೆ ಕಂಡದ್ದನ್ನು ಹೇಳಬಾರದೆಂದಾದರೆ, ಅವರಾದರೂ ಆ ಬಾಗಿಲಿನ ಒಳಗೆ ಹೋಗಿ ಕಲಿಯುವುದೇನು?

ಅಳತೆಯಕ್ಕ ರಜೆ ಮುಗಿಸಿ ಬಂದದ್ದು ಇದರ ನಡುವೆ. ಯಾರೋ ಕಿವಿ ಊದಿದ್ದರು, ‘ನಿನ್ನ ಕಾಲು ಸರಿಯಿಲ್ಲ ಅಂತಾಳೆ ಆ ಹುಡುಗಿ’ ಎಂದು. ಅವರಿಗೆ ಹೇಗಾಗಿರಬೇಡ? ಆ ಕಾಲೇ ಅವರ ಮರ್ಯಾದೆ. ಎರಡು ದಿನ ನನ್ನತ್ತ ತಿರುಗಿಯೂ ನೋಡಲಿಲ್ಲ. ನನ್ನ ಊಟದ ಡಬ್ಬಿ ಅವರ ಪಕ್ಕದ ಮೊಳೆಗೆ ತೂಗುತ್ತಿತ್ತು, ಅದನ್ನೂ ಬೇರೆ ಕಡೆ ಹಾಕಿದರು. ಮೂರನೆಯ ದಿನ ಬೆಳಗ್ಗೆ ಬಂದವರೇ ಕುರ್ಚಿಯನ್ನು ಗೋಡೆಗೆ ನೂಕಿದರು. ಊಟದ ಹೊತ್ತು ಬಿಟ್ಟು ಸಂಜೆಯವರೆಗೂ ನಿಂತೇ ದಾರ ಕತ್ತರಿಸಿದರು. ಯಾರು ಕೂರಿ ಎಂದರೂ ಕೂರಲಿಲ್ಲ. ಕೊನೆಗೆ ನನ್ನ ಮುಂದೆ ಕೈ ಚಾಚಿ, ‘ಆ ಬಿಳಿ ಶೂ ಕೊಡು’ ಎಂದರು. ಹಾಕಿಕೊಂಡು ಬಾಗಿಲ ತನಕ ನಡೆದು, ತಿರುಗಿ ಬಂದು ನಿಂತರು. ‘ಕಚ್ತಿದೆ. ನನ್ನ ಕಾಲು ಸುಳ್ಳು ಹೇಳಲ್ಲ ಕಣೇ. ಆದ್ರೆ ಇಷ್ಟು ದಿನ ನೀವು ಕೇಳಿದ್ದು ಕೂತಿರೋ ಕಾಲನ್ನ’ ಎಂದು ಇಡೀ ರೂಮಿಗೆ ಕೇಳುವ ಹಾಗೆ ಹೇಳಿದರು. ಆಮೇಲೆ ನನ್ನ ಡಬ್ಬಿಯನ್ನು ತಂದು ಮೊದಲಿನ ಮೊಳೆಗೇ ಹಾಕಿದರು.

ಮ್ಯಾನೇಜರ್ ಅಷ್ಟಕ್ಕೆ ಬಗ್ಗಲಿಲ್ಲ. ಬಗ್ಗಬೇಕಾಗಿಯೂ ಇರಲಿಲ್ಲ, ಎರಡು ಜೊತೆ ಕಾಲು ನಂಬಿ ಯಾರೂ ಅಚ್ಚು ಮುರಿಯುವುದಿಲ್ಲ. ‘ನೀವಿಬ್ಬರೂ ಮಾತಾಡ್ಕೊಂಡಿದ್ದೀರಿ. ಇದನ್ನ ಹಾಕ್ಕೊಳ್ಳೋರು ಬಂದು ಹೇಳ್ಲಿ, ಕೇಳ್ತೀನಿ. ಶನಿವಾರ ಸಂಜೆ ರೂಮ್ ತೆಗೆದಿಟ್ಟಿರ್ತೀನಿ. ಸೋಮವಾರ ಚರ್ಮಕ್ಕೆ ಕತ್ತರಿ ಹಾಕ್ತೀವಿ’ ಎಂದರು. ಯಾರೂ ಬರದಿದ್ದರೆ ಅಥವಾ ಬಂದವರಿಗೆ ಶೂ ಸರಿಯಾದರೆ ಸೋಮವಾರದಿಂದ ನಾನು ಇಲ್ಲಿಗೆ ಬರುವಂತಿಲ್ಲ. ಆ ಮಾತಿಗೆ ನಾನೇ ಒಪ್ಪಿದ್ದೇನೆ.

ಈಗ ಗೊತ್ತಾಯಿತಲ್ಲ, ನಿನ್ನಿಂದ ಆಗಬೇಕಾದ ಕೆಲಸ ಏನೆಂದು. ಶನಿವಾರ ನಿನ್ನದು ಬೆಳಗಿನ ಪಾಳಿ. ಮುಗಿದ ಕೂಡಲೇ ವಾರ್ಡಿನ ಅಕ್ಕಂದಿರನ್ನೂ ಕರೆದುಕೊಂಡು ನೇರ ಇಲ್ಲಿಗೆ ಬಾ. ಮನೆಗೆ ಹೋಗಬೇಡ, ಕಾಲು ತೊಳೆಯಬೇಡ, ಸ್ವಲ್ಪ ಒರಗಿ ಬರುತ್ತೇನೆ ಎನ್ನಬೇಡ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಬೇಡ ಎನ್ನುವಷ್ಟು ಕಟುಕಳಲ್ಲ ನಾನು, ಕೂತುಕೋ. ಎಲ್ಲ ಅಳತೆಯಲ್ಲೂ ಒಂದೊಂದು ಜೊತೆ ಕಟ್ಟಿಸಿಟ್ಟಿದ್ದೇನೆ. ಗೇಟಿನ ಬಳಿ ನಾನೇ ನಿಂತಿರುತ್ತೇನೆ.

ಬರುತ್ತೀಯೋ ಇಲ್ಲವೋ ಗೊತ್ತಿಲ್ಲ. ಕಂಡವರ ಮುಂದೆ ಕಾಲು ಚಾಚಬಾರದು ಎಂದು ಮಗಳನ್ನೇ ಬೈದವಳಿಗೆ, ನೀನೂ ಬಂದು ಚಾಚು ಎನ್ನುತ್ತಿದ್ದೇನೆ. ಕೋಪ ಬಂದರೆ ಬರಲಿ, ಕೋಪದಲ್ಲೇ ಬಾ. ನೀನು ಬಾರದಿದ್ದರೆ ನಿನ್ನ ಆಸ್ಪತ್ರೆಯ ಬಾಗಿಲಿಗೇ ಬಂದು ಪಾಳಿ ಮುಗಿಸಿದವರನ್ನೆಲ್ಲ ಕೈಮುಗಿದು ಕರೆಯುತ್ತೇನೆ. ಈ ಕೆಲಸವನ್ನು ನಾನು ಬಿಡುವುದಿಲ್ಲ.

ಒಂದೇ ಒಂದು ಷರತ್ತು. ನನಗಾಗಿ ಸುಳ್ಳು ಹೇಳಬೇಡ. ಶೂ ಕಚ್ಚದಿದ್ದರೆ ಕಚ್ಚಲಿಲ್ಲ ಎಂದು ಮ್ಯಾನೇಜರ್ ಮುಂದೆಯೇ ಹೇಳು. ನಾನು ತಪ್ಪಿದ್ದೆ ಎಂಬುದನ್ನೂ ಇಲ್ಲೇ ಕಲಿತು, ನಿನ್ನ ಜೊತೆಗೇ ಅದೇ ಬಸ್ಸು ಹತ್ತುತ್ತೇನೆ. ಆದರೆ ಕಚ್ಚಿದರೆ ಅಮ್ಮ, ಹಲ್ಲು ಕಚ್ಚಿ ನಗಬೇಡ. ‘ಪರವಾಗಿಲ್ಲ, ಹಾಕ್ಕೊಂಡ್ರೆ ಸರಿಹೋಗುತ್ತೆ’ ಎನ್ನಬೇಡ. ಹುಟ್ಟಿದಾಗಿನಿಂದ ಎಲ್ಲದಕ್ಕೂ ನಿನ್ನ ಬಾಯಿಂದ ಆ ಮಾತನ್ನೇ ಕೇಳಿದ್ದೇನೆ. ಒಂದು ಸಂಜೆ, ಒಂದೇ ಒಂದು ಸಂಜೆ, ನನಗೆ ನೋವಾಗುತ್ತಿದೆ ಎಂದು ಜೋರಾಗಿ ಹೇಳು. ಬರೆದುಕೊಳ್ಳಲು ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಹರಸು, ಇಲ್ಲವಾದರೆ ಬಂದು ಬೈದು ಹರಸು. ನಿನ್ನ ಆಯಸ್ಸು ನೂರಾಗಲಿ, ಅಷ್ಟೂ ವರ್ಷ ನೀನು ನೋವಿಲ್ಲದೆ ನಡೆಯುವಂತಾಗಲಿ.

ಶನಿವಾರ ಗೇಟಿನಲ್ಲಿ ಕಾಯುವ,
ನಿನ್ನ ಮೊಂಡುಮಗಳು