ಕರೆಂಟು ಹೋದ ಮೇಲೆ ಕೇಳಿಸಿದ ಪಿಟೀಲು

ನಾದಿನಿಗೆ ಅತ್ತಿಗೆಯ ಆಶೀರ್ವಾದ.

ಇವತ್ತು ಸೋಮವಾರದ ಉಪವಾಸ. ಇಲ್ಲಿ ಮಗಳ ಬಾಡಿಗೆ ಕೋಣೆ ಗುಡಿಸಿ, ಅವಳು ನಿನ್ನೆ ತೊಟ್ಟ ಕಪ್ಪು ಉಡುಪು ಒಗೆದು ಹರವಿ, ದೀಪ ಹಚ್ಚಿ ಬರೆಯಲು ಕೂತೆ. ಹೇಳದಿದ್ದರೆ ಖಾಲಿ ಹೊಟ್ಟೆಯೂ ಉಬ್ಬೀತು!

ನಿನ್ನೆ ಮಧ್ಯಾಹ್ನ ಬಯಲು ರಂಗದಲ್ಲಿ ರಾಕ್ ಬ್ಯಾಂಡು. ನಾಲ್ವರೂ ತಲೆ ನರೆತ ಅಜ್ಜಂದಿರು, ಕುಣಿತ ಮಾತ್ರ ಎಳೆಗರುವಿನದು ಕಣೇ. ಹಿಂದೆ ಅರವತ್ತು ಜನರ ವಾದ್ಯವೃಂದ. ಎರಡನೇ ಸಾಲಿನಲ್ಲಿ ನಮ್ಮ ಮಗಳು, ಕಿವಿಗೆ ಹತ್ತಿ ತುರುಕಿಕೊಂಡು ಪಿಟೀಲು ನುಡಿಸುತ್ತಿದ್ದಳು. ಅವಳದು ಒಂದು ಎಳೆಯೂ ಕೇಳಲಿಲ್ಲ. "ಆ ಗದ್ದಲದಲ್ಲಿ ನಿನ್ನ ಪಿಟೀಲು ಯಾರಿಗೆ ಕೇಳುತ್ತೆ?" ಅಂತ ರೇಗಿ, ಅವಳು ಈ ವೃಂದ ಸೇರಿದಾಗ ನಿಮ್ಮಣ್ಣ ಅವಳ ಜೊತೆ ಮಾತು ಬಿಟ್ಟು ವರ್ಷವಾಯಿತಲ್ಲ, ಆ ಮಾತೇ ನಿಜವೇನೋ ಎಂದು ಸಂಕಟವಾಯಿತು.

ಅಷ್ಟರಲ್ಲಿ ಕರೆಂಟು ಹೋಯಿತು! ಗಿಟಾರು, ಮೈಕು ಎಲ್ಲವೂ ಮೂಕ. ಪಿಟೀಲಿಗೆ ಕರೆಂಟಿನ ಹಂಗೆಲ್ಲಿ? ವೃಂದದವರು ನಿಲ್ಲಿಸಲೇ ಇಲ್ಲ. ಹಾಡುವ ಅಜ್ಜ ನೆಟ್ಟಗೆ ನಮ್ಮ ಮಗಳ ಪಕ್ಕಕ್ಕೆ ಬಂದು ಬರಿಗಂಟಲಲ್ಲಿ ಹಾಡಿದ. ಅವಳ ಪಿಟೀಲು, ಅವನ ಹಾಡು ಎರಡನ್ನೂ ಸಾವಿರಾರು ಜನ ಕಿವಿಗೊಟ್ಟು ಕೇಳಿದರು. "ಯಾರಮ್ಮ ಆ ಹುಡುಗಿ?" ಅಂದಳು ಪಕ್ಕದಾಕೆ. "ನನ್ನ ಮಗಳು!" ಅಂತ ಕೂಗಿಯೇಬಿಟ್ಟೆ.

ಕರೆಂಟು ಹೋಗಬಾರದೆಂದು ಜನ್ಮವೆಲ್ಲ ಕಂಬ ಹತ್ತಿದ ನಿಮ್ಮಣ್ಣನಿಗೆ ಹೇಳು: ಅದು ಹೋದದ್ದಕ್ಕೆ ನಾನು ದೇವರಿಗೆ ಕೈಮುಗಿದೆ.

ಮಂಡಿನೋವು ತಗ್ಗಿದೆ, ಮಾತ್ರೆ ಹತ್ತು ದಿನಕ್ಕಿದೆ. ಕಾರ್ಡು ತುಂಬಿತು. ನಮ್ಮ ಮನೆಗೆ ಹೋಗಿ ಇದನ್ನು ಅವರೆದುರೇ ಓದು. ಬೈದರೂ ಸರಿ, ಮಗಳ ಹೆಸರಿಗೆ ಅವರ ಕೈಯಲ್ಲೇ ಎರಡು ಸಾಲು ಬರೆಸಿಕೊಂಡು ಬಂದು ಅಂಚೆಗೆ ಹಾಕು.